ಹೆರ್ಮಿನಿಯಾ ಕಾದ ಬೆಂಚು

ಅಬುಂದಿಯೊನನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದಾಗ ಹೆರ್ಮಿನಿಯಾ ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದಳು. ಅವಳ ಒಡಹುಟ್ಟಿದ ತಮ್ಮ.

"ಅಕ್ಕಾ, ನಾನು ಕುಡುಕ ಅಲ್ಲ ಕಣೇ! ಏನೋ ತಪ್ಪಾಗಿದೆ!"

"ಬಂದೋರೆಲ್ಲ ಮೊದಲ್ನೇ ದಿನ ಹಂಗೇ ಅನ್ನೋದು," ಅಂದಳು.

ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ?

ಮೆಕ್ಸಿಕೊ ನಗರದ ಅಂಚಿನ ಗುಡ್ಡದ ಮೇಲೆ ಕುಡಿತ ಬಿಡಿಸುವ ಮನೆ ಇದು. ನಾವು ಅನೆಕ್ಸೊ ಅನ್ನುತ್ತೇವೆ. ನಡೆಸುವವರೂ ಹಳೇ ಕುಡುಕರೇ. ಮನೆಯವರು ಒಂದು ಮಾತು ಹೇಳಿದರೆ ಸಾಕು, ಹೊತ್ತು ತರುತ್ತಾರೆ. ಮೂರು ತಿಂಗಳು ಬಾಗಿಲು ತೆರೆಯದು. ಆಮೇಲೂ, ಸೇರಿಸಿದವರೇ ಬಂದು ಬೀದಿಯಲ್ಲಿ ನಿಂತು ಹೆಸರು ಹಿಡಿದು ಕರೆಯಬೇಕು.

ನಾನು ಅಸಲಿ ಕುಡುಕಿ, ಇಲ್ಲಿಗೆ ಬಂದದ್ದು ನ್ಯಾಯವೇ. ಹೆರ್ಮಿನಿಯಾ ಹಾಗಲ್ಲ. ಗಂಡ ಸತ್ತ ದುಃಖಕ್ಕೆ ಎರಡು ಲೋಟ ಕತ್ತಾಳೆ ಹೆಂಡ ಕುಡಿದಿದ್ದಳು, ಅಷ್ಟೇ. ಗಂಡ ಬಿಟ್ಟುಹೋದ ಮೆಕ್ಕೆಜೋಳ ರುಬ್ಬುವ ಗಿರಣಿಯ ಮೇಲೆ ತಮ್ಮನ ಕಣ್ಣಿತ್ತು. ಕುಡುಕಿ ಎಂದು ಇಲ್ಲಿಗೆ ಹಾಕಿಸಿದ. ಅವಧಿ ಮುಗಿದ ದಿನ ಅವಳು ತಲೆ ಬಾಚಿಕೊಂಡು, ಬಟ್ಟೆಗಂಟು ಮಡಿಲಲ್ಲಿಟ್ಟುಕೊಂಡು ಬಾಗಿಲ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ನಾನೂ ಕೂತಿದ್ದೆ. ಕತ್ತಲಾದರೂ ಆ ಪಾಪಿ ಬರಲಿಲ್ಲ. ಇನ್ನೂ ಮೂರು ತಿಂಗಳು ಇರಲಿ ಎಂದು ಹೇಳಿಕಳಿಸಿದ. ಅವಳು ಹೊರಬೀಳುವಷ್ಟರಲ್ಲಿ ಗಿರಣಿ ಅವನದು, ಕುಡುಕಿಯೆಂಬ ಹೆಸರು ಇವಳದು. ಹೋಗಲು ಜಾಗವಿಲ್ಲದೆ ಇಲ್ಲೇ ಅಡುಗೆಗೆ ನಿಂತಳು. ಬರಬರುತ್ತಾ ಮನೆಯ ಯಜಮಾನಿಯೇ ಆದಳು.

ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ! ಗಿರಣಿಯ ದುಡ್ಡು ಕುಡಿದೂ ಕುಡಿದೂ ಅಬುಂದಿಯೊ ಚರಂಡಿಗೆ ಬಿದ್ದ. ಈಗ ಸೇರಿಸಿದ್ದು ಅವನ ಹೆಂಡತಿ ಫಿದೆನ್ಸಿಯಾ.

ಇಲ್ಲಿ ದಿನವೂ ಕಟ್ಟೆ ಹತ್ತಿ ತಮ್ಮ ಪಾಪ ತಾವೇ ಹೇಳಿಕೊಳ್ಳಬೇಕು. ಅಬುಂದಿಯೊ ಅಪ್ಪನ ಏಟು ಹೇಳಿದ, ಸಾಲ ಹೇಳಿದ, ಗೊಳೋ ಎಂದು ಅತ್ತ. ಗಿರಣಿಯ ಸುದ್ದಿ ಮಾತ್ರ ಎತ್ತಲಿಲ್ಲ. ಎದುರು ಸಾಲಿನಲ್ಲಿ ಕೂತ ಹೆರ್ಮಿನಿಯಾ ಪ್ರತಿ ಸಲವೂ ಅಂದಳು: "ಇನ್ನೂ ಇದೆ. ಕಕ್ಕು."

ಅವನ ಮೂರು ತಿಂಗಳ ಕೊನೆಯ ಭಾನುವಾರ ಮನೆಯವರನ್ನೆಲ್ಲ ಕರೆಸಿದ್ದರು. ಹೆರ್ಮಿನಿಯಾ ನಮ್ಮ ಸಾಲಿನಲ್ಲಲ್ಲ, ಮನೆಯವರ ನಡುವೆ ಫಿದೆನ್ಸಿಯಾಳ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಳು.

"ಇವತ್ತು ಹೇಳ್ತೀಯೋ, ಇನ್ನೊಂದು ವರ್ಷ ಸಾರು ಕುಡೀತೀಯೋ?"

ಅವನು ನೆಲ ನೋಡುತ್ತಾ ಗೊಣಗಿದ: "ಅಕ್ಕ ಕುಡುಕಿ ಆಗಿರ್ಲಿಲ್ಲ. ಗಿರಣಿ ಹೊಡ್ಕೊಳ್ಳೋಕೆ ನಾನೇ ಹಾಕಿಸ್ದೆ."

"ಹಿಂದಿನೋರಿಗೆ ಕೇಳಿಸ್ಲಿಲ್ಲ ಕಣೋ."

ಮತ್ತೆ ಹೇಳಿದ. ಕೂಗಿ ಹೇಳಿದ. ಫಿದೆನ್ಸಿಯಾ ದಡಕ್ಕನೆ ಎದ್ದಳು. "ಅಕ್ಕ ಪ್ರೀತಿಯಿಂದ ಕೊಟ್ಲು ಅಂದಿದ್ಯಲ್ಲೋ, ನಿನ್ನ ಬಾಯಿಗೆ ಮಣ್ಣು ಹಾಕ!"

ಬಿಡುಗಡೆಯ ದಿನ ಅವನು ಗಡ್ಡ ಬೋಳಿಸಿ, ಗಂಟು ಮಡಿಲಲ್ಲಿಟ್ಟು ಅದೇ ಬೆಂಚಿನ ಮೇಲೆ ಕೂತ. ಮಧ್ಯಾಹ್ನ ಬೀದಿಯಲ್ಲಿ ಫಿದೆನ್ಸಿಯಾಳ ದನಿ ಕೇಳಿಸಿತು. ಗಂಟು ಎತ್ತಿಕೊಂಡು ಎದ್ದುನಿಂತ. ಮುಖ ಅರಳಿತ್ತು.

"ಹೆರ್ಮಿನಿಯಾ ಅತ್ತಿಗೇ! ರೊಟ್ಟಿ ಹಿಟ್ಟು ತಂದಿದೀನಿ. ನಿಮ್ಮ ಗಿರಣೀದು."

"ನಿನ್ನ ಗಂಡ ಕಾಯ್ತವ್ನಲ್ಲೇ?"

"ಇನ್ನೂ ಮೂರು ತಿಂಗಳು ಇರ್ಲಿ ಬಿಡಿ."

ಹೆರ್ಮಿನಿಯಾ ಹಿಟ್ಟಿನ ಬಕೆಟ್ ಹೊತ್ತು ಒಳಗೆ ಬಂದು, ನಿಂತೇ ಇದ್ದ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ಗಂಟು ಬಿಚ್ಚು, ತಮ್ಮಾ. ಸಾರು ಆರ್ತಾ ಇದೆ."