ಬಂಗಾಳಿ ಹಾಡಿನಲ್ಲಿ ಕೂಗಿದ ನನ್ನ ಕುಕ್ಕರ್

ಅಮೆರಿಕದ ಕ್ಯಾಂಟನ್‌ನ ಇಂಡಿಯನ್ ಸ್ಟೋರಿನಲ್ಲಿ ಬೆಂಡೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸಿನ ಫೋನಿನಲ್ಲಿ ಓಡುತ್ತಿದ್ದ ರೀಲಿನಿಂದ ನನ್ನ ತಂಗಿಯ ದನಿ ಕೇಳಿಸಿತು. ಹೊಸ ಬಂಗಾಳಿ ಬ್ಯಾಂಡೊಂದರ ಹಾಡು. ನಡುವೆ ಕುಕ್ಕರ್ ಮೂರು ಸಲ ಕೂಗಿತು.

ಆ ಕುಕ್ಕರ್ ನನ್ನದು. ತಂಗಿ ಆಫೀಸಿನ ಬಂಗಾಳಿ ಗೆಳತಿಯರಿಂದ ಹಾಡು ಕಲಿತು, ಅವರ ಬ್ಯಾಂಡಿಗಾಗಿ ಭಾನುವಾರವೆಲ್ಲ ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಈ ಊರಿನ ಇಂಗ್ಲಿಷೇ ಸಾಕುಸಾಕಾಗಿತ್ತು. ಮನೆಯೊಳಗೂ ತಿಳಿಯದ ಭಾಷೆ ಬಂತಲ್ಲ ಎಂದು ಹೊಟ್ಟೆ ಉರಿಯಿತು. ಒಂದು ದಿನ ಅವಳು ಹಾಡಲು ಕೂತಾಗ ಬೇಕೆಂದೇ ಬೇಳೆ ಇಟ್ಟೆ. ಆ ಹಾಡನ್ನು ಅವಳು ಅಳಿಸಿಹಾಕಿದಳೆಂದೇ ತಿಳಿದಿದ್ದೆ.

"ಇವಳು ನನ್ನ ತಂಗಿ," ಎಂದು ಕನ್ನಡದಲ್ಲೇ ಅಂದುಬಿಟ್ಟೆ.

ಫೋನ್ ಹಿಡಿದಿದ್ದ ಆ ಹೆಂಗಸು ಬಂಗಾಳಿಯವಳು, ಹಿಂದೆ ಬೆಂಗಳೂರಿನಲ್ಲಿದ್ದವಳಂತೆ. ಅವಳೂ ಕನ್ನಡದಲ್ಲೇ ಹೇಳಿದಳು: "ಹೌದಾ ಆಂಟಿ? ನಮ್ ಮನೇಲಿ ಎಲ್ರೂ ಈ ಕುಕ್ಕರ್‌ಗೇ ಫ್ಯಾನ್ಸು. ಕರೆಕ್ಟಾಗಿ ತಾಳಕ್ಕೆ ಕೂಗತ್ತೆ. ಕೆಳಗೆ ಬರ್ದಿದಾರೆ ನೋಡಿ, 'ಕುಕ್ಕರ್: ನಮ್ಮಕ್ಕ' ಅಂತ. ನೀವೇನಾ?"

ಬೆಂಡೆಕಾಯಿಯನ್ನೇ ನೋಡುತ್ತಾ ಹೂಂ ಎಂದೆ.

ಈಗ ಭಾನುವಾರ ಬಂದರೆ ತಂಗಿ, "ಅಕ್ಕಾ, ಬೇಳೆ ಇಡು, ನಾನ್ ರೆಡಿ," ಅನ್ನುತ್ತಾಳೆ. ಅಂದು ಕೆಡಿಸಲೆಂದೇ ಇಟ್ಟಿದ್ದೆ ಎಂದು ಹೇಳಲು ಬಾಯಿ ಬಂದಿಲ್ಲ. ಈ ಪತ್ರಿಕೆಯನ್ನು ನನಗಿಂತ ಮೊದಲು ಓದುವವಳು ಅವಳೇ, ಅದಕ್ಕೆ ಇಲ್ಲಿ ಬರೆದೆ. ಬೈದರೆ ಬೈಯಲಿ, ಕುಕ್ಕರ್ ಇಡುವ ಕೆಲಸವನ್ನು ಮಾತ್ರ ಬೇರೆಯವರಿಗೆ ಕೊಡದಿರಲಿ.