ಸಪ್ಪನೆಯ ಚಹಾದ ಸಂಚು

ನಮ್ಮಣ್ಣನ ಕಾಲ್ಬೆರಳಿನ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಶುಗರ್ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಕಲಘಟಗಿಯ ಡಾಕ್ಟರು ನನ್ನೆದುರೇ ಹೇಳಿದ್ದರು. ಮನೆಯಲ್ಲಿ ಅತ್ತಿಗೆ ಸಕ್ಕರೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಜಡಿದಳು. ಬಸ್ ನಿಲ್ದಾಣದ ಚಾದಂಗಡಿಗೆ ಬೀಗ ಹಾಕುವವರು ಯಾರು?

ಅಲ್ಲಿ ಹಾಲು, ಚಾಪುಡಿ, ಸಕ್ಕರೆ ಒಂದೇ ಪಾತ್ರೆಯಲ್ಲಿ ಕುದಿಯುತ್ತಿದ್ದವು. ಸಪ್ಪನೆಯದು ಬೇಕೆಂದರೆ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಕಾಯಿಲೆ ಊರಿಗೆಲ್ಲ ಗೊತ್ತಾಗುತ್ತದೆ. ನಮ್ಮಣ್ಣ ಬೆರಳು ಬಿಟ್ಟಾನು, ಮರ್ಯಾದೆ ಬಿಡುವವನಲ್ಲ. ಸಾಲದ್ದಕ್ಕೆ ಅವನೂ ಅವನ ಬಾಲ್ಯದ ಗೆಳೆಯನೂ ದಿನಾ ಒಬ್ಬರಿಗೊಬ್ಬರು ಚಹಾ ಕುಡಿಸಬೇಕು. ಕುಡಿಸುವವನು "ನಮ್ಮ ದೋಸ್ತಗ ಮ್ಯಾಲೊಂದ ಚಮಚ ಸಕ್ಕರಿ ಹಾಕಬೇ" ಎಂದು ಕೂಗಲೇಬೇಕು. ಆ ಕೂಗಿಲ್ಲದಿದ್ದರೆ ಪ್ರೀತಿ ಕಡಿಮೆಯಾಯಿತೆಂದೇ ಅರ್ಥ.

ಅಂಗಡಿಯವಳು ನನ್ನ ಹಳೆಯ ವಿದ್ಯಾರ್ಥಿನಿ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವಾಗ ಹಿಡಿದೂ ಬಿಟ್ಟಿದ್ದೆ. ಅದನ್ನು ಮೆಲ್ಲಗೆ ನೆನಪಿಸಿದೆ. ಮರುದಿನದಿಂದ ಎಲ್ಲರಿಗೂ ಸಪ್ಪನೆಯ ಚಹಾ, ಸಕ್ಕರೆ ಡಬ್ಬಿ ಆಚೆ ಮೂಲೆಯ ಕಿಟಕಿಯಲ್ಲಿ. ನಮ್ಮೂರ ಗಂಡಸರ ಮೈಗಳ್ಳತನದ ಮೇಲೆ ನನಗೆ ಪೂರ್ತಿ ಭರವಸೆಯಿತ್ತು. ಕೂತಲ್ಲೇ ನೀರು ತರಿಸಿಕೊಳ್ಳುವವರು ಸಕ್ಕರೆಗೆ ಏಳುತ್ತಾರೆಯೇ?

ಮೊದಲ ದಿನ ಬಸ್ಸು ಕಾಯುವ ನೆವದಲ್ಲಿ ಬಾಗಿಲ ಬಳಿಯ ಬೆಂಚಿನಲ್ಲಿ ಕೂತೆ.

"ಏನ್ಬೇ, ಇದು ಚಾನೋ, ಪಾತ್ರಿ ತೊಳದ ನೀರೋ?" ಎಂದ ಒಬ್ಬ.

"ಸಕ್ಕರಿ ಕಿಟಕ್ಯಾಗ ಐತ್ರಿ, ಎದ್ದ ಹಾಕ್ಕೋರಿ," ಎಂದಳು ಅವಳು.

ಎಲ್ಲರೂ ಗೊಣಗಿದರು, ಯಾರೂ ಏಳಲಿಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಕೊನೆಗೂ ಎದ್ದವನು ಒಬ್ಬನೇ, ನಮ್ಮಣ್ಣ! ತನಗೇನೂ ಆಗಿಲ್ಲವೆಂದು ನಾಲ್ಕು ಜನಕ್ಕೆ ತೋರಿಸಬೇಕಲ್ಲ. ಬ್ಯಾಂಡೇಜು ಕಾಣದಂತೆ ಬೂಟು ಹಾಕಿದ್ದ ಕಾಲನ್ನು ಎಳೆಯುತ್ತ ಕಿಟಕಿಗೆ ಹೋಗಿ, ತನ್ನ ಲೋಟಕ್ಕೆ ಎರಡು ಚಮಚ ಸುರಿದುಕೊಂಡ. ಗೆಳೆಯನಿಗೆಂದು ಇನ್ನೊಂದು ಚಮಚ ತುಂಬಿಸಿ ತಂದ. ನನಗೆ ಸಿಟ್ಟಿನಿಂದ ಮೈ ಉರಿಯಿತು.

ಗೆಳೆಯ ತನ್ನ ಲೋಟದ ಮೇಲೆ ಅಂಗೈ ಮುಚ್ಚಿದ. "ಬ್ಯಾಡಲೇ. ನನಗ ಶುಗರ್ ಆಗಿ ನಾಕ ವರ್ಷ ಆತು."

"ಮತ್ತ ದಿನಾ ಕುಡೀತಿದ್ದೆಲ್ಲಲೇ?"

"ನೀ ಅಷ್ಟ ಪ್ರೀತಿಲೆ ಹಾಕಸ್ತಿದ್ದಿ. ಹೆಂಗ ಬ್ಯಾಡ ಅನ್ಲಿ?"

ಅಣ್ಣ ಚಮಚ, ಲೋಟ ಎರಡನ್ನೂ ಕೆಳಗಿಟ್ಟು, ಗೆಳೆಯನ ಪಕ್ಕ ಕೂತು, ಎಲ್ಲರೆದುರು ಬೂಟು ಬಿಚ್ಚಿ ಕಾಲು ಚಾಚಿದ.

"ನಂದೂ ನೋಡಲೇ," ಅಂದ.