ಸತ್ತ ರಾಯರು ಕಾಫಿ ಕುಡಿದದ್ದು

ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಸಿದ್ದಾಪುರ, ಅಕ್ಕನ ಮನೆಯ ಜಗಲಿ. ಹಾಜರಿದ್ದವರು ಅಕ್ಕ, ಅವಳ ಸೊಸೆ ಮತ್ತು ಶಿರಸಿಯಿಂದ ಬಸ್ಸಿನಲ್ಲಿ ಬಂದಿಳಿದ ನಾನು.

ಸೊಸೆ ಹಿಂದಿನ ದಿನ ಫೋನ್ ಮಾಡಿ ಕರೆಸಿದ್ದಳು. ಅಕ್ಕನಿಗೆ ಎಂಬತ್ತೊಂದು. ವಾರದಲ್ಲಿ ಎರಡು ಸಲ ಹಾಲು ಉಕ್ಕಿಸಿದ್ದಾಳೆ, ಈಗ ಓದಿದ್ದೂ ತಲೆಯಲ್ಲಿ ನಿಲ್ಲುತ್ತಿಲ್ಲ. ಹಾಗಾಗಿ ಮಂಗಳವಾರದಿಂದಲೇ ಅವಳು ಗ್ಯಾಸ್ ಒಲೆ ಮುಟ್ಟಬಾರದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅರವತ್ತು ವರ್ಷ ತನ್ನ ಬೆಳಗಿನ ಕಷಾಯವನ್ನು ತಾನೇ ಕಾಸಿಕೊಂಡವಳು ಅವಳು.

"ಮಾವನಿಗೂ ಹೇಳಿ ಅತ್ತೆ, ನಿನ್ನೆ ಏನು ಓದಿದ್ರಿ?" ಸೊಸೆ ನನ್ನ ಕಡೆ ಕೈ ತೋರಿದಳು.

"ಎಂತ ಹೇಳದು ತಮಾ. ವಿಷ ಕುಡಿದು ಸತ್ತ ರಾಯರು ಎದ್ದು ಕೂತು ಕಾಪಿ ಕುಡಿತಾ ಇದ್ದ. ಆನು ಸುಳ್ಳು ಹೇಳ್ತ್ನಿಲ್ಲೆ."

"ಸಕ್ಕರೆ ಹಾಕಿದ್ರಾ?" ಸೊಸೆ ಕೇಳಿದಳು.

"ಎರಡು ಚಮಚ. ನಿನ್ನ ಹಾಂಗೆ ಅರ್ಧ ಅಲ್ಲ."

ನನಗೆ ನಗು ಬರಲಿಲ್ಲ. ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು, ಓದುವುದಕ್ಕೂ ನನ್ನದೊಂದು ಕ್ರಮವಿದೆ. ಪತ್ತೇದಾರಿ ಕಾದಂಬರಿಯಾದರೆ ದಿನಕ್ಕೆ ಹದಿನಾರೇ ಪುಟ. ಕೊನೆಯ ಅಧ್ಯಾಯ ಇಣುಕುವಂತಿಲ್ಲ. ಯಾರ ಮೇಲೆ ಸಂಶಯ ಎಂಬುದನ್ನು ಚೀಟಿಯಲ್ಲಿ ಬರೆದು ಪುಸ್ತಕದಲ್ಲೇ ಇಡಬೇಕು. ಅಡುಗೆಯವನು, ತಮ್ಮನ ಹೆಂಡತಿ, ಡಾಕ್ಟರು ಎಂದು ಚೀಟಿ ಬದಲಾಗುತ್ತ ಹೋಗುವುದೇ ಸುಖ. ಅಕ್ಕನೂ ಇದನ್ನೇ ಪಾಲಿಸುತ್ತಾಳೆ. ಇಬ್ಬರೂ ಮುಗಿಸುವ ತನಕ ಫೋನಿನಲ್ಲಿ ಕಥೆಯ ಮಾತು ಎತ್ತುವುದಿಲ್ಲ.

ಈ ಸಲದ ಪುಸ್ತಕಗಳು ಯಲ್ಲಾಪುರದ ಪರಿಚಯದವರೊಬ್ಬರ ಅಟ್ಟದಲ್ಲಿ ಸಿಕ್ಕಿದ್ದು. ಒಂದೇ ಕಾದಂಬರಿಯ ಎರಡು ಪ್ರತಿ ಎಂದುಕೊಂಡು ನಾನೇ ಹೊಲಿದು ರಟ್ಟು ಹಾಕಿ ಒಂದನ್ನು ಅವಳಿಗೆ ಕಳಿಸಿದ್ದೆ.

ಯಾರಿಗೂ ಹೇಳದ ಸಂಗತಿಯೊಂದಿತ್ತು. ನನ್ನ ಪ್ರತಿಯಲ್ಲಿ ಎಂಬತ್ತನೇ ಪುಟದವರೆಗೆ ರಾಯರು ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರು. ಎಂಬತ್ತೊಂದಕ್ಕೆ ಬಂದರೆ ಅವರು ಸತ್ತು ನಾಲ್ಕು ದಿನವಾಗಿತ್ತು. ಅವರು ಸತ್ತ ಪುಟಕ್ಕಾಗಿ ಮೂರು ಸಲ ಹಿಂದೆ ಹೋಗಿ ಹುಡುಕಿದೆ. ಓದುತ್ತಲೇ ತೂಕಡಿಸಿರಬೇಕು ಎಂದುಕೊಂಡೆ. ಆಮೇಲೆ ಭಯವಾಯಿತು. ನನಗೆ ಎಪ್ಪತ್ತಾರು.

ಅವತ್ತು ಜಗಲಿಯಲ್ಲಿ ಆ ಭಯವನ್ನು ಬಾಯಿಬಿಟ್ಟು ಹೇಳಿದೆ. ಸೊಸೆ ನಮ್ಮಿಬ್ಬರ ಮುಖ ನೋಡಿದಳು. ಇಡೀ ಮನೆತನಕ್ಕೇ ಮರೆವು ಹತ್ತಿದೆ ಎಂದು ಅವಳಿಗೆ ಅನಿಸಿರಬೇಕು.

"ನಿನ್ನ ಪುಸ್ತಕ ಇತ್ಲಾಗೆ ಕೊಡು," ಎಂದಳು ಅಕ್ಕ. ಚೀಲದಿಂದ ತೆಗೆದುಕೊಟ್ಟೆ. ನನ್ನ ಎಂಬತ್ತನೇ ಪುಟದ ಕೊನೆಯ ಸಾಲು ಅರ್ಧಕ್ಕೆ ನಿಂತಿತ್ತು. ಅದನ್ನು ಓದಿ, ತನ್ನ ಎಂಬತ್ತೊಂದನ್ನು ತೆರೆದು ಅಲ್ಲಿಂದ ಮುಂದುವರಿಸಿದಳು. ವಾಕ್ಯ ಸರಿಯಾಗಿ ಕೂತಿತು.

ಅವು ಎರಡು ಬೇರೆ ಕಾದಂಬರಿಗಳು. ಪತ್ತೇದಾರ ಒಬ್ಬನೇ, ಅಕ್ಷರವೂ ಅಳತೆಯೂ ಒಂದೇ, ಎರಡರಲ್ಲೂ ದೊಡ್ಡ ಮನೆಯ ಯಜಮಾನನಿಗೆ ಬರೀ ರಾಯರು ಎನ್ನುತ್ತಾರೆ. ಮುಖಪುಟ ಎರಡಕ್ಕೂ ಇರಲಿಲ್ಲ. ಮೊದಲ ಎಂಬತ್ತು ಪುಟಗಳ ಹೊಲಿಗೆ ಗಟ್ಟಿಯಿತ್ತು, ಮುಂದಿನವು ಹದಿನಾರು ಪುಟದ ಮಡಿಕೆಗಳಾಗಿ ಕಳಚಿಕೊಂಡಿದ್ದವು. ನಾನು ಪುಟಸಂಖ್ಯೆ ನೋಡಿ, ಇಸ್ಪೀಟು ಹಂಚಿದ ಹಾಗೆ, ಇದು ಅವಳಿಗೆ, ಇದು ನನಗೆ ಎಂದು ಹಂಚಿದ್ದೆ. ಸಂಖ್ಯೆಯಲ್ಲಿ ಒಂದೂ ತಪ್ಪಿರಲಿಲ್ಲ. ಒಂದು ಸಾಲನ್ನೂ ಓದಿರಲಿಲ್ಲ.

"ತಪ್ಪು ನನ್ನದು, ಅಕ್ಕನದಲ್ಲ," ಎಂದೆ ಸೊಸೆಗೆ.

"ಹಾಲು ಉಕ್ಕಿದ್ದು?"

"ಅದು ಎನ್ನದೇಯ," ಎಂದಳು ಅಕ್ಕ. "ಆನು ಪುಸ್ತಕ ಹಿಡಕಂಡು ನಿಂತಿದ್ದಿ."

ಈ ಉತ್ತರವನ್ನು ಮರೆವಿನ ಲೆಕ್ಕಕ್ಕೆ ಸೇರಿಸಬೇಕೋ ಓದಿನ ಹುಚ್ಚಿನ ಲೆಕ್ಕಕ್ಕೋ ಸೊಸೆಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಊಟವಾದ ಮೇಲೆ ಹೊಲಿಗೆ ಬಿಚ್ಚಿದೆ. ಪ್ರತಿ ಮಡಿಕೆಯ ಮೊದಲ ಮತ್ತು ಕೊನೆಯ ಸಾಲು ಓದಿ ಜೋಡಿಸಬೇಕಿತ್ತು. ಕೊನೆಯ ಮಡಿಕೆಗಳನ್ನು ನಾವಿಬ್ಬರೂ ಮುಟ್ಟುವಂತಿರಲಿಲ್ಲ, ಕೊಲೆಗಾರ ಗೊತ್ತಾಗಿಬಿಡುತ್ತಾನೆ. ಅವನ್ನು ಸೊಸೆಯ ಕೈಗೆ ಕೊಟ್ಟೆವು. ಒಂದೆರಡು ಸಾಲು ನೋಡಿದರೆ ಸಾಕಿತ್ತು. ಅವಳು ಕಂಬಕ್ಕೆ ಒರಗಿ ಓದುತ್ತಲೇ ಹೋದಳು.

ನಾಲ್ಕು ಗಂಟೆಗೆ ಅಕ್ಕ ಎದ್ದು ಒಳಗೆ ಹೋದಳು. ಲೈಟರಿನ ಸದ್ದು ಕೇಳಿತು.

"ಅತ್ತೆ, ನನಗೂ ಒಂದು ಲೋಟ," ಎಂದಳು ಸೊಸೆ, ಪುಟದಿಂದ ತಲೆ ಎತ್ತದೆ.

ತೀರ್ಮಾನ ರದ್ದಾಯಿತೋ, ಸೊಸೆಗೆ ಮರೆತೇ ಹೋಯಿತೋ, ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಚಹಾ ಕುಡಿದು, ಐದೂ ಇಪ್ಪತ್ತಕ್ಕೆ ಎರಡನೇ ಪುಸ್ತಕದ ಕೊನೆಯ ಗಂಟು ಹಾಕಿ ದಾರ ಕತ್ತರಿಸಿದೆ.